ಬೋರ್ಡು ಅದೇ, ಅಂಗಡಿ ಬೇರೆ: ಲಿಂಕನ್ ಯಾರವರು ಎಂಬ ಅಮೆರಿಕದ ಜಗಳ

"ಲಿಂಕನ್ ರಿಪಬ್ಲಿಕನ್ ಪಕ್ಷದವರು ಅಲ್ವಾ? ಗುಲಾಮಗಿರಿ ತೆಗೆದದ್ದು ಅದೇ ಪಕ್ಷ. ಹಾಗಿದ್ದರೆ ಇವತ್ತು ಅಲ್ಲಿನ ಕಪ್ಪು ಜನ ಯಾಕೆ ಡೆಮಾಕ್ರಟರಿಗೆ ಓಟು ಹಾಕ್ತಾರೆ?"

ಅಮೆರಿಕದಲ್ಲಿ ಚುನಾವಣೆ ಬಂದಾಗಲೆಲ್ಲ ಈ ಪ್ರಶ್ನೆ ಕಿವಿಗೆ ಬೀಳುತ್ತದೆ. ಮಗನೋ ಮಗಳೋ ಅಲ್ಲಿರುವ ಮನೆಗಳಲ್ಲಂತೂ ಯಾರಾದರೂ ಕೇಳಿಯೇ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ನಾವು ಶಾಲೆಯಲ್ಲಿ ಓದಿದ ಲಿಂಕನ್‌ಗೂ ಇವತ್ತು ಟೀವಿಯಲ್ಲಿ ನೋಡುವ ಪಕ್ಷಗಳಿಗೂ ತಾಳೆ ಬೀಳುವುದಿಲ್ಲ. ಇದೇ ವಿಷಯಕ್ಕೆ ಅಲ್ಲಿನವರೂ ದಿನಾ ಕಿತ್ತಾಡುತ್ತಾರೆ.

ಅವರ ಜಗಳ ಸಾಮಾನ್ಯವಾಗಿ ಹೀಗೆ ನಡೆಯುತ್ತದೆ. ರಿಪಬ್ಲಿಕನ್ನರು ಹೇಳುತ್ತಾರೆ: "ಗುಲಾಮಗಿರಿ ಉಳಿಸಲು ಹೊರಟವರು ನೀವು. ಬಣ್ಣ ನೋಡಿ ಭೇದ ಮಾಡಬಾರದು ಎಂದ 1964ರ ನಾಗರಿಕ ಹಕ್ಕು ಕಾಯ್ದೆಗೆ ನಮ್ಮಲ್ಲಿ ಬಿದ್ದಷ್ಟು ಬೆಂಬಲ ನಿಮ್ಮಲ್ಲಿ ಬೀಳಲಿಲ್ಲ." ಡೆಮಾಕ್ರಟರು ತಿರುಗಿ ಹೇಳುತ್ತಾರೆ: "ಅದೆಲ್ಲ ಹಳೇ ಕಥೆ. ಆಮೇಲೆ ಎರಡೂ ಪಕ್ಷ ಅದಲುಬದಲಾದವು. ಲಿಂಕನ್ ಇವತ್ತು ಇದ್ದಿದ್ದರೆ ನಮ್ಮ ಜೊತೆ ಇರುತ್ತಿದ್ದರು."

ಎರಡೂ ಕಡೆ ಒಂದಿಷ್ಟು ನಿಜ ಇದೆ. ಮೋಸ ಆಗುವುದು ಬಿಟ್ಟುಹೋದ ಮಾತಿನಲ್ಲಿ. ಯಾವ ವರ್ಷ, ಯಾವ ರಾಜ್ಯ ಎಂದು ಕೇಳಿ ನೋಡಿ, ಅರ್ಧ ಜಗಳ ಅಲ್ಲೇ ತಿಳಿಯಾಗುತ್ತದೆ. ಪಕ್ಷದ ಹೆಸರು ಅಂಗಡಿಯ ಬೋರ್ಡಿನ ಹಾಗೆ. ನೂರೈವತ್ತು ವರ್ಷದಿಂದ ಅದೇ ಬೋರ್ಡು ಇರಬಹುದು, ಆದರೆ ಒಳಗೆ ಯಾರು ಕೂತಿದ್ದಾರೆ, ಏನು ಮಾರುತ್ತಿದ್ದಾರೆ, ಗಿರಾಕಿ ಯಾರು ಎನ್ನುವುದೆಲ್ಲ ಬದಲಾಗಿರುತ್ತದೆ.

ಯುದ್ಧ ಯಾಕಾಯಿತು

ಮೊದಲ ಜಗಳ ಅಮೆರಿಕದ ಅಂತರ್ಯುದ್ಧದ ಕಾರಣದ್ದು. ರಿಪಬ್ಲಿಕನ್ ಪಕ್ಷ ಹುಟ್ಟಿದ್ದು 1854ರಲ್ಲಿ, ಹೊಸ ಪ್ರದೇಶಗಳಿಗೆ ಗುಲಾಮಗಿರಿ ಹಬ್ಬಬಾರದು ಎಂಬ ಬೇಡಿಕೆ ಇಟ್ಟುಕೊಂಡು. 1860ರ ನವೆಂಬರಿನಲ್ಲಿ ಲಿಂಕನ್ ಗೆದ್ದರು. ಅವರು ಅಧಿಕಾರ ಹಿಡಿಯುವ ಮೊದಲೇ ದಕ್ಷಿಣದ 7 ರಾಜ್ಯಗಳು ಒಕ್ಕೂಟ ಬಿಟ್ಟು ಹೊರಬಂದವು. ಆಮೇಲೆ ಇನ್ನೂ 4 ಸೇರಿದವು. ಈ 11 ರಾಜ್ಯಗಳ ಕೂಟವೇ ಕಾನ್ಫೆಡರಸಿ. 1861ರ ಏಪ್ರಿಲ್‌ನಿಂದ 1865ರ ಏಪ್ರಿಲ್‌ವರೆಗೆ ನಡೆದ ಯುದ್ಧದಲ್ಲಿ ಕಡಿಮೆ ಎಂದರೂ 6 ಲಕ್ಷ ಸೈನಿಕರು ಸತ್ತರು. ಆಗ ಆ ದೇಶದಲ್ಲಿ ಗುಲಾಮರಾಗಿದ್ದವರು ಸುಮಾರು 40 ಲಕ್ಷ ಜನ.

"ಯುದ್ಧ ನಡೆದದ್ದು ರಾಜ್ಯಗಳ ಹಕ್ಕಿಗಾಗಿ" ಎಂಬ ಮಾತನ್ನು ನೀವು ಕೇಳಿರಬಹುದು. ಇದನ್ನು ಒಪ್ಪುವ ಮೊದಲು ಆ ರಾಜ್ಯಗಳೇ ಆ ಹೊತ್ತಿನಲ್ಲಿ ಏನು ಬರೆದಿದ್ದವು ಎಂದು ನೋಡಬೇಕು. ಬರೆದಿಟ್ಟಿದ್ದಾರೆ, ಯಾರು ಬೇಕಾದರೂ ಓದಬಹುದು. ಮಿಸಿಸಿಪಿ ರಾಜ್ಯ ತನ್ನ ಘೋಷಣೆಯ ಶುರುವಿನಲ್ಲೇ, ನಮ್ಮ ನಿಲುವು ಗುಲಾಮಗಿರಿಯ ಜೊತೆ ಪೂರ್ತಿ ಬೆಸೆದುಕೊಂಡಿದೆ, ಅದು ಜಗತ್ತಿನ ಅತಿ ದೊಡ್ಡ ಆಸ್ತಿಪಾಸ್ತಿಯ ಹಿತ ಎಂದಿದೆ. ಕಾನ್ಫೆಡರಸಿಯ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ 1861ರ ಮಾರ್ಚ್ 21ರಂದು ಸವಾನ್ನಾ ಊರಿನಲ್ಲಿ ಭಾಷಣ ಮಾಡಿ, ಕಪ್ಪು ಮನುಷ್ಯ ಬಿಳಿಯನಿಗೆ ಸಮನಲ್ಲ ಎಂಬುದೇ ನಮ್ಮ ಹೊಸ ಸರ್ಕಾರದ ಮೂಲೆಗಲ್ಲು ಎಂದರು. ಇದಕ್ಕಿಂತ ಬಿಡಿಸಿ ಹೇಳುವುದು ಇನ್ನೇನಿದೆ?

ದಕ್ಷಿಣ ಕೆರೊಲಿನಾದ ಘೋಷಣೆ ಓದಿದರೆ "ರಾಜ್ಯಗಳ ಹಕ್ಕು" ಎಂಬ ಮಾತು ತಲೆಕೆಳಗಾಗುತ್ತದೆ. ಓಡಿಹೋದ ಗುಲಾಮರನ್ನು ಹಿಡಿದು ವಾಪಸು ಕೊಡಬೇಕು ಎಂಬ ಕೇಂದ್ರದ ಕಾನೂನನ್ನು ಉತ್ತರದ ಹಲವು ರಾಜ್ಯಗಳು ತಮ್ಮದೇ ಕಾನೂನು ಮಾಡಿ ತಡೆಯುತ್ತಿದ್ದವು. ದಕ್ಷಿಣ ಕೆರೊಲಿನಾದ ದೊಡ್ಡ ದೂರು ಅದೇ. ಅಂದರೆ ಆ ಜಾಗದಲ್ಲಿ ತಮ್ಮ ಹಕ್ಕು ಚಲಾಯಿಸಿದ್ದು ಉತ್ತರದ ರಾಜ್ಯಗಳು. ಕೇಂದ್ರ ಬಿಗಿಯಾಗಿ ನಡೆದುಕೊಳ್ಳಬೇಕು ಎಂದವರು ದಕ್ಷಿಣದವರು.

ಮಿಸಿಸಿಪಿ ಹೇಳಿದ ಆ "ಆಸ್ತಿಪಾಸ್ತಿ"ಯ ಹಿಂದೆ ಇದ್ದದ್ದು ಮುಖ್ಯವಾಗಿ ಹತ್ತಿ. ಗುಲಾಮರ ಕೈ ಬಿಡಿಸಿದ ಹತ್ತಿ ಇಂಗ್ಲೆಂಡಿನ ಲ್ಯಾಂಕಶೈರ್ ಗಿರಣಿಗಳಿಗೆ ಹೋಗುತ್ತಿತ್ತು. ಯುದ್ಧ ಶುರುವಾಗಿ ಬಂದರುಗಳು ಬಂದ್ ಆದಾಗ ಗಿರಣಿಯವರು ನಮ್ಮ ಕಡೆ ತಿರುಗಿದರು. ಧಾರವಾಡ, ಗದಗ ಸೀಮೆಯ ಹೊಲಗಳಲ್ಲಿ ಆಗಲೇ ಅಮೆರಿಕದಿಂದ ತಂದ ತಳಿಯ ಹತ್ತಿ ಬೆಳೆಯುತ್ತಿದ್ದರು. ಬೆಲೆ ಗಗನಕ್ಕೇರಿತು, ಯುದ್ಧ ಮುಗಿದ ಮೇಲೆ ಕುಸಿಯಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಬಾಂಬೆ ಪ್ರಾಂತ್ಯಕ್ಕೆ ಸೇರಿಸಿದ್ದಕ್ಕೂ, ಕಾರವಾರ ಬಂದರಿನಿಂದ ಈ ಹತ್ತಿ ಸಾಗಿಸುವ ಯೋಚನೆಗೂ ಸಂಬಂಧ ಇತ್ತು. ಆ ಯುದ್ಧ ನಮಗೆ ತೀರಾ ದೂರದ್ದಲ್ಲ.

ಹಾಗಾದರೆ "ರಾಜ್ಯಗಳ ಹಕ್ಕು" ಕಥೆ ಬಂದದ್ದೆಲ್ಲಿಂದ? ಬಹುಪಾಲು ಸೋತ ಮೇಲೆ. ಮೂಲೆಗಲ್ಲಿನ ಭಾಷಣ ಮಾಡಿದ ಅದೇ ಸ್ಟೀಫನ್ಸ್ ಯುದ್ಧ ಮುಗಿದ ಬಳಿಕ ದಪ್ಪ ಪುಸ್ತಕ ಬರೆದು, ಇದು ಸಂವಿಧಾನದ ತಕರಾರು ಎಂದು ವಾದಿಸಿದರು. 1894ರಲ್ಲಿ ಕಾನ್ಫೆಡರೇಟ್ ಸೈನಿಕರ ಮನೆತನದ ಹೆಂಗಸರು ಕಟ್ಟಿದ ಸಂಘ ಊರೂರಲ್ಲಿ ಪ್ರತಿಮೆ ನಿಲ್ಲಿಸಿತು. ಶಾಲೆಯ ಪಠ್ಯದಲ್ಲಿ ಏನಿರಬೇಕು, ಏನಿರಬಾರದು ಎಂದು ಪಟ್ಟು ಹಿಡಿಯಿತು. ಪ್ರತಿಮೆಗಳಲ್ಲಿ ಹೆಚ್ಚಿನವು ಎದ್ದದ್ದು ಯುದ್ಧ ಮುಗಿದ ಕೂಡಲೇ ಅಲ್ಲ, 1900ರ ಆಸುಪಾಸಿನಲ್ಲಿ. ಕಪ್ಪು ಜನರ ಓಟಿನ ಹಕ್ಕನ್ನು ದಕ್ಷಿಣದ ರಾಜ್ಯಗಳು ಒಂದೊಂದಾಗಿ ಕಿತ್ತುಕೊಳ್ಳುತ್ತಿದ್ದ ಹೊತ್ತು ಅದು. ಅಜ್ಜನ ನೆನಪಿಗೆ ಕಲ್ಲು ನಿಲ್ಲಿಸಿದ ಮೊಮ್ಮಕ್ಕಳ ದುಃಖ ಸುಳ್ಳು ಎಂದು ನಾನು ಹೇಳುವುದಿಲ್ಲ. ಆದರೆ ಕೋರ್ಟಿನ ಅಂಗಳದಲ್ಲಿ ನಿಂತ ಆ ಕಲ್ಲು, ನ್ಯಾಯ ಕೇಳಲು ಬಂದ ಕಪ್ಪು ಮನುಷ್ಯನಿಗೂ ಏನೋ ಹೇಳುತ್ತಿತ್ತು ಅಲ್ವಾ?

ಈ ಕಥೆ ಇವತ್ತಿಗೂ ರಾಜಕಾರಣಿಗಳ ನಾಲಿಗೆ ಕಟ್ಟಿಹಾಕುತ್ತದೆ. 2023ರ ಡಿಸೆಂಬರ್ 27ರಂದು ನ್ಯೂ ಹ್ಯಾಂಪ್‌ಶೈರ್‌ನ ಬರ್ಲಿನ್ ಊರಿನಲ್ಲಿ ನಿಕ್ಕಿ ಹೇಲಿ ಸಭೆ ನಡೆಸುತ್ತಿದ್ದರು. ಪಂಜಾಬಿನಿಂದ ಹೋದ ಸಿಖ್ ಮನೆತನದ ಮಗಳು, ರಿಪಬ್ಲಿಕನ್ ಪಕ್ಷದಿಂದ ಅಧ್ಯಕ್ಷ ಸ್ಥಾನಕ್ಕೆ ಟಿಕೆಟ್ ಬಯಸಿದವರು. ಒಬ್ಬರು ಎದ್ದು, ಅಂತರ್ಯುದ್ಧಕ್ಕೆ ಕಾರಣ ಏನು ಎಂದು ಕೇಳಿದರು. ಹೇಲಿ ಸರ್ಕಾರ ಹೇಗೆ ನಡೆಯಬೇಕು, ಜನರ ಸ್ವಾತಂತ್ರ್ಯ ಎಂದೆಲ್ಲ ಹೇಳಿದರು. ಗುಲಾಮಗಿರಿ ಎಂಬ ಪದ ಬರಲಿಲ್ಲ. ಪ್ರಶ್ನೆ ಕೇಳಿದವರು ಅದನ್ನೇ ಎತ್ತಿ ತೋರಿಸಿದರು. ಆಗಿನ ಅಧ್ಯಕ್ಷ, ಡೆಮಾಕ್ರಟ್ ಬೈಡನ್ ಆ ರಾತ್ರಿಯೇ ಜಾಲತಾಣದಲ್ಲಿ "ಕಾರಣ ಗುಲಾಮಗಿರಿ" ಎಂದು ಒಂದೇ ಸಾಲು ಹಾಕಿದರು. ಮರುದಿನ ಹೇಲಿ, ಖಂಡಿತ ಗುಲಾಮಗಿರಿಯೇ ಕಾರಣ ಎಂದರು. ಇದೇ ಹೇಲಿ 2015ರಲ್ಲಿ ದಕ್ಷಿಣ ಕೆರೊಲಿನಾದ ಗವರ್ನರ್ ಆಗಿದ್ದಾಗ, ಚಾರ್ಲ್ಸ್‌ಟನ್ ಚರ್ಚಿನಲ್ಲಿ 9 ಕಪ್ಪು ಜನರ ಕೊಲೆಯಾದ ಮೇಲೆ, ವಿಧಾನಸೌಧದ ಆವರಣದಿಂದ ಕಾನ್ಫೆಡರೇಟ್ ಬಾವುಟ ಇಳಿಸುವ ಕಾಯ್ದೆಗೆ ಸಹಿ ಹಾಕಿದ್ದರು. ಅವರಿಗೆ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ಆ ಪದ ಬಾಯಿಂದ ಬಂದರೆ ಯಾವ ಓಟು ಕೈತಪ್ಪುತ್ತದೋ ಎಂಬ ಲೆಕ್ಕ ಇತ್ತು ಎಂದೇ ನನಗನ್ನಿಸುತ್ತದೆ.

ಅದಾದ ಕೆಲವೇ ದಿನಕ್ಕೆ, 2024ರ ಜನವರಿಯಲ್ಲಿ, ಟ್ರಂಪ್ ಅಯೋವಾದಲ್ಲಿ ಮಾತನಾಡುತ್ತಾ ಈ ಯುದ್ಧವನ್ನು ಮಾತುಕತೆಯಲ್ಲೇ ಮುಗಿಸಬಹುದಿತ್ತು ಎಂದರು. ಮಾತುಕತೆ ನಡೆದಿತ್ತು. 1820ರಲ್ಲಿ ಒಂದು ಒಪ್ಪಂದ, 1850ರಲ್ಲಿ ಇನ್ನೊಂದು. 1861ರ ಮಾರ್ಚ್‌ನಲ್ಲಿ, ಗುಲಾಮಗಿರಿ ಇರುವ ರಾಜ್ಯಗಳಲ್ಲಿ ಅದನ್ನು ಎಂದೂ ಮುಟ್ಟುವುದಿಲ್ಲ ಎಂಬ ಸಂವಿಧಾನ ತಿದ್ದುಪಡಿಯನ್ನು ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು, ಪಾಸು ಕೂಡ ಮಾಡಿತ್ತು. ಪ್ರತಿ ಒಪ್ಪಂದದಲ್ಲೂ ಚೌಕಾಸಿಗೆ ಇಟ್ಟದ್ದು ಮನುಷ್ಯರನ್ನು. ಮೇಜಿನ ಸುತ್ತ ಕೂತವರಲ್ಲಿ ಆ ಲಕ್ಷಾಂತರ ಗುಲಾಮರ ಪರ ಅವರದೇ ಒಬ್ಬ ಪ್ರತಿನಿಧಿ ಇರಲಿಲ್ಲ.

ಅರ್ಧ ಪತ್ರ

ಇನ್ನೊಂದು ಜಗಳ ಲಿಂಕನ್ ಅವರದ್ದೇ. ನಮ್ಮ ಎಷ್ಟೋ ಶಾಲೆಗಳ ಗೋಡೆಯಲ್ಲಿ "ಲಿಂಕನ್ ಮಗನ ಗುರುಗಳಿಗೆ ಬರೆದ ಪತ್ರ" ಚೌಕಟ್ಟು ಹಾಕಿ ನೇತುಹಾಕಿರುತ್ತಾರೆ. ಅದನ್ನು ಅವರು ಬರೆದರು ಎನ್ನಲು ದಾಖಲೆ ಇಲ್ಲ. ಆದರೆ ಅವರು ನಿಜವಾಗಿ ಬರೆದ ಒಂದು ಪತ್ರವನ್ನು ಅಮೆರಿಕದಲ್ಲಿ ತುಂಡು ಮಾಡಿ ಓದುತ್ತಾರೆ.

1862ರ ಆಗಸ್ಟ್ 22. ನ್ಯೂಯಾರ್ಕಿನ ಪತ್ರಿಕೆಯ ಸಂಪಾದಕ ಹೊರೇಸ್ ಗ್ರೀಲಿ, ಗುಲಾಮಗಿರಿ ವಿಷಯದಲ್ಲಿ ನೀವು ತುಂಬಾ ನಿಧಾನ ಎಂದು ಬಹಿರಂಗವಾಗಿ ಟೀಕಿಸಿದ್ದರು. ಲಿಂಕನ್ ಉತ್ತರ ಬರೆದರು: ನನ್ನ ಮುಖ್ಯ ಗುರಿ ಒಕ್ಕೂಟ ಉಳಿಸುವುದು. ಒಬ್ಬ ಗುಲಾಮನನ್ನೂ ಬಿಡುಗಡೆ ಮಾಡದೆ ಅದಾಗುವುದಾದರೆ ಹಾಗೆ ಮಾಡುತ್ತೇನೆ. ಎಲ್ಲರನ್ನೂ ಬಿಡುಗಡೆ ಮಾಡಿ ಆಗುವುದಾದರೆ ಹಾಗೇ ಮಾಡುತ್ತೇನೆ. ಕೆಲವರನ್ನು ಬಿಡಿಸಿ ಕೆಲವರನ್ನು ಬಿಟ್ಟು ಆಗುವುದಾದರೂ ಸರಿ.

ಕಾನ್ಫೆಡರಸಿಯ ಪರ ನಿಲ್ಲುವವರು ಒಂದೇ ಒಂದು ವಾಕ್ಯ ಎತ್ತಿಕೊಂಡು, ನೋಡಿ, ಲಿಂಕನ್‌ಗೆ ಗುಲಾಮರ ಚಿಂತೆಯೇ ಇರಲಿಲ್ಲ ಎನ್ನುತ್ತಾರೆ. ಎಡದ ತುದಿಯಲ್ಲಿರುವ ಕೆಲವರೂ ಬೇರೆ ಕಾರಣಕ್ಕೆ ಅದೇ ವಾಕ್ಯ ಎತ್ತುತ್ತಾರೆ. ಪತ್ರದ ಕೊನೆಯಲ್ಲಿ ಇನ್ನೊಂದು ಸಾಲಿದೆ: ಇದು ನನ್ನ ಹುದ್ದೆಯ ಕರ್ತವ್ಯ ಕುರಿತ ಮಾತು, ಎಲ್ಲ ಕಡೆ ಎಲ್ಲ ಮನುಷ್ಯರೂ ಸ್ವತಂತ್ರರಾಗಬೇಕು ಎಂಬ ನನ್ನ ಸ್ವಂತ ಆಸೆ ಬದಲಾಗಿಲ್ಲ. ಇನ್ನೂ ಒಂದು ಸಂಗತಿ ಪತ್ರದೊಳಗೆ ಇಲ್ಲ. ಒಂದು ತಿಂಗಳ ಹಿಂದೆಯೇ, ಜುಲೈ 22ರಂದು, ಲಿಂಕನ್ ಬಿಡುಗಡೆ ಘೋಷಣೆಯ ಕರಡನ್ನು ಮಂತ್ರಿಗಳ ಮುಂದೆ ಓದಿದ್ದರು. ಗ್ರೀಲಿಗೆ ಉತ್ತರ ಬರೆಯುವಾಗ ಆ ಕಾಗದ ತಯಾರಾಗಿಯೇ ಇತ್ತು, ಯುದ್ಧದಲ್ಲಿ ಒಂದು ಗೆಲುವಿಗಾಗಿ ಕಾಯುತ್ತಿದ್ದರು. 1863ರ ಜನವರಿ 1ರಂದು ಘೋಷಣೆ ಜಾರಿಗೆ ಬಂತು.

ಹಾಗಂತ ಲಿಂಕನ್ ಹುಟ್ಟಿನಿಂದಲೇ ಸಂತ ಎನ್ನುವುದೂ ಸರಿಯಲ್ಲ. 1858ರಲ್ಲಿ ಇಲಿನಾಯ್‌ನ ಚಾರ್ಲ್ಸ್‌ಟನ್ ಊರಿನ ವೇದಿಕೆಯಲ್ಲಿ, ಬಿಳಿಯರಿಗೂ ಕಪ್ಪು ಜನರಿಗೂ ಸಾಮಾಜಿಕ, ರಾಜಕೀಯ ಸಮಾನತೆ ತರುವ ಪರ ನಾನಿಲ್ಲ ಎಂದು ಇದೇ ಮನುಷ್ಯ ಹೇಳಿದ್ದರು. 1865ರ ಏಪ್ರಿಲ್ 11ರಂದು, ಕೊನೆಯ ಭಾಷಣದಲ್ಲಿ, ಕೆಲವು ಕಪ್ಪು ಗಂಡಸರಿಗಾದರೂ ಓಟಿನ ಹಕ್ಕು ಸಿಗಲಿ ಎಂದರು. ಅದನ್ನು ಗುಂಪಿನಲ್ಲಿ ನಿಂತು ಕೇಳಿದವರಲ್ಲಿ ಜಾನ್ ವಿಲ್ಕ್ಸ್ ಬೂತ್ ಒಬ್ಬ. ಮೂರು ದಿನಕ್ಕೆ ಆತ ಗುಂಡು ಹಾರಿಸಿ ಲಿಂಕನ್ ಅವರನ್ನು ಕೊಂದ. ನನಗೆ ಲಿಂಕನ್ ದೊಡ್ಡವರಾಗಿ ಕಾಣುವುದು ಆ ಏಳು ವರ್ಷದಲ್ಲಿ ಅವರು ನಡೆದುಬಂದ ದಾರಿಯಿಂದ. ಒಂದು ವಾಕ್ಯ ಕಿತ್ತು ತೋರಿಸುವವರಿಗೆ ಆ ದಾರಿ ಬೇಕಿಲ್ಲ.

ಬೋರ್ಡಿನ ಹಿಂದೆ

ಈಗ ಶುರುವಿನ ಪ್ರಶ್ನೆಗೆ ಬರೋಣ. ಯುದ್ಧ ಮುಗಿದ ಮೇಲೆ ಬಹಳ ಕಾಲ ಕಪ್ಪು ಜನ ರಿಪಬ್ಲಿಕನ್ನರ ಜೊತೆಗೇ ಇದ್ದರು. 1870ರಲ್ಲಿ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ಗೆ ಬಂದ ಮೊದಲ ಕಪ್ಪು ಸದಸ್ಯ ಹೈರಮ್ ರೆವೆಲ್ಸ್ ರಿಪಬ್ಲಿಕನ್, ಅದೂ ಮಿಸಿಸಿಪಿಯಿಂದ. ರಿಪಬ್ಲಿಕನ್ ಅಧ್ಯಕ್ಷ ಗ್ರ್ಯಾಂಟ್ 1871ರಲ್ಲಿ ದಕ್ಷಿಣ ಕೆರೊಲಿನಾಕ್ಕೆ ಸೈನ್ಯ ಕಳಿಸಿ, ಕಪ್ಪು ಜನರ ಮೇಲೆ ದಾಳಿ ಮಾಡುತ್ತಿದ್ದ ಬಿಳಿಯರ ಗುಪ್ತ ಗುಂಪು ಕು ಕ್ಲಕ್ಸ್ ಕ್ಲಾನ್ ಬೆನ್ನು ಮುರಿದರು. ಆದರೆ 1876ರ ಚುನಾವಣೆ ಒಂದೇ ಒಂದು ಎಲೆಕ್ಟೋರಲ್ ಮತದ (ಅಧ್ಯಕ್ಷರನ್ನು ಆರಿಸಲು ರಾಜ್ಯವಾರು ಸಿಗುವ ಮತ) ಅಂತರಕ್ಕೆ ಬಂದು ನಿಂತಾಗ ರಿಪಬ್ಲಿಕನ್ ಹೇಯ್ಸ್ ಅಧ್ಯಕ್ಷರಾದರು, ದಕ್ಷಿಣದ ಕಪ್ಪು ಜನರಿಗೆ ಉಳಿದಿದ್ದ ಸೈನ್ಯದ ರಕ್ಷಣೆ ಹೋಯಿತು. ಅಲ್ಲಿಂದ ಮುಂದೆ ದಕ್ಷಿಣ ಎಂದರೆ ಡೆಮಾಕ್ರಟರು, ಡೆಮಾಕ್ರಟರು ಎಂದರೆ ಬಿಳಿಯರ ಆಡಳಿತ. ಡೆಮಾಕ್ರಟ್ ಅಧ್ಯಕ್ಷ ವುಡ್ರೊ ವಿಲ್ಸನ್ ಕಾಲದಲ್ಲಿ ಕೇಂದ್ರದ ಕಚೇರಿಗಳಲ್ಲೂ ಕಪ್ಪು ನೌಕರರನ್ನು ಬೇರೆ ಕೂರಿಸಿದರು. ರಿಪಬ್ಲಿಕನ್ನರು ಇದನ್ನೆಲ್ಲ ಎತ್ತಿ ಆಡಿದರೆ ಅದು ಸುಳ್ಳಲ್ಲ.

ಬದಲಾವಣೆ ಶುರುವಾಗಿದ್ದು ಉತ್ತರದಲ್ಲಿ. ಲಕ್ಷಗಟ್ಟಲೆ ಕಪ್ಪು ಜನ ದಕ್ಷಿಣ ಬಿಟ್ಟು ಶಿಕಾಗೊ, ಡೆಟ್ರಾಯಿಟ್ ಸೇರಿದರು. ಅಲ್ಲಿ ಓಟು ಹಾಕಬಹುದಿತ್ತು. ಆರ್ಥಿಕ ಕುಸಿತದ ಕಾಲದಲ್ಲಿ ಡೆಮಾಕ್ರಟ್ ಅಧ್ಯಕ್ಷ ರೂಸ್‌ವೆಲ್ಟ್ ಕೊಟ್ಟ ಕೆಲಸ, ನೆರವು ನೋಡಿ 1936ರಲ್ಲಿ ಅವರಲ್ಲಿ ಬಹುಪಾಲು ಜನ ಡೆಮಾಕ್ರಟರಿಗೆ ಓಟು ಹಾಕಿದರು. 1948ರಲ್ಲಿ ಅದೇ ಪಕ್ಷದ ಅಧ್ಯಕ್ಷ ಟ್ರೂಮನ್ ಸೈನ್ಯದಲ್ಲಿದ್ದ ಬಣ್ಣದ ಗೋಡೆ ತೆಗೆಯಲು ಆದೇಶ ಹೊರಡಿಸಿದರು. ಅದೇ ವರ್ಷ ಸಿಟ್ಟಿಗೆದ್ದ ದಕ್ಷಿಣದ ಡೆಮಾಕ್ರಟರು ಸ್ಟ್ರಾಮ್ ಥರ್ಮಂಡ್ ಅವರನ್ನು ಬೇರೆಯಾಗಿ ನಿಲ್ಲಿಸಿ 4 ರಾಜ್ಯ ಗೆದ್ದರು.

ನಾಗರಿಕ ಹಕ್ಕು ಕಾಯ್ದೆಯ ಮೇಲೆ 1964ರಲ್ಲಿ ನಡೆದ ಮತದಾನವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕೆಳಮನೆಯಾದ ಪ್ರತಿನಿಧಿ ಸಭೆಯಲ್ಲಿ ಮಸೂದೆ ಮೊದಲು ಪಾಸಾದಾಗ ರಿಪಬ್ಲಿಕನ್ನರಲ್ಲಿ 138 ಮಂದಿ ಪರ, 34 ವಿರುದ್ಧ. ಡೆಮಾಕ್ರಟರಲ್ಲಿ 152 ಪರ, 96 ವಿರುದ್ಧ. ಶೇಕಡಾ ಲೆಕ್ಕ ಹಾಕಿದರೆ 80 ಮತ್ತು 61. ರಿಪಬ್ಲಿಕನ್ನರ ಬೆಂಬಲವೇ ಜಾಸ್ತಿ. ಹಿಂದೆ ಕಾನ್ಫೆಡರಸಿಯಲ್ಲಿದ್ದ 11 ರಾಜ್ಯಗಳನ್ನು ಈಗ ಬೇರೆ ಮಾಡಿ. ಅಲ್ಲಿನ ಡೆಮಾಕ್ರಟರಲ್ಲಿ 7 ಪರ, 87 ವಿರುದ್ಧ. ಅಲ್ಲಿನ ರಿಪಬ್ಲಿಕನ್ನರು 10 ಮಂದಿ, ಪರ ಒಬ್ಬರೂ ಇಲ್ಲ. ಉಳಿದ ರಾಜ್ಯಗಳಲ್ಲಿ ಡೆಮಾಕ್ರಟರು 145 ಪರ, 9 ವಿರುದ್ಧ. ರಿಪಬ್ಲಿಕನ್ನರು 138 ಪರ, 24 ವಿರುದ್ಧ.

ಇನ್ನೊಮ್ಮೆ ಓದಿ ನೋಡಿ. ದಕ್ಷಿಣದಲ್ಲೂ ಡೆಮಾಕ್ರಟರ ಬೆಂಬಲ ಹೆಚ್ಚು, ಉಳಿದ ಕಡೆಯೂ ಹೆಚ್ಚು. ಒಟ್ಟು ಕೂಡಿಸಿದಾಗ ಮಾತ್ರ ರಿಪಬ್ಲಿಕನ್ನರದು ಹೆಚ್ಚು. ಲೆಕ್ಕ ತಪ್ಪಿಲ್ಲ. ದಕ್ಷಿಣದ 104 ಮತಗಳಲ್ಲಿ 94 ಡೆಮಾಕ್ರಟರವೇ ಆಗಿದ್ದರಿಂದ ಆ ಭಾರ ಇಡೀ ಪಕ್ಷದ ಸರಾಸರಿಯನ್ನು ಕೆಳಗೆ ಎಳೆಯಿತು. ಯಾವ ಪಕ್ಷ ಎನ್ನುವುದಕ್ಕಿಂತ ಯಾವ ಸೀಮೆ ಎನ್ನುವುದೇ ಆ ದಿನ ಮತ ನಿರ್ಧರಿಸಿತು.

ರಿಪಬ್ಲಿಕನ್ನರಿಗೆ ಸಲ್ಲಬೇಕಾದ್ದನ್ನೂ ಹೇಳಬೇಕು. ಸೆನೆಟ್‌ನಲ್ಲಿ ದಕ್ಷಿಣದ ಸದಸ್ಯರು ಮಾತು ನಿಲ್ಲಿಸದೆ ಮತದಾನವನ್ನೇ ತಡೆಹಿಡಿದಿದ್ದರು. ಅದನ್ನು ಮುರಿಯಲು 67 ಮತ ಬೇಕಿತ್ತು. ಜೂನ್ 10ರಂದು ಬಿದ್ದದ್ದು 71, ಅದರಲ್ಲಿ 27 ರಿಪಬ್ಲಿಕನ್ನರದು. ಅವರ ನಾಯಕ ಎವರೆಟ್ ಡರ್ಕ್‌ಸನ್ ಒಬ್ಬೊಬ್ಬರನ್ನೇ ಒಪ್ಪಿಸದೇ ಇದ್ದಿದ್ದರೆ ಕಾಯ್ದೆ ಅಲ್ಲೇ ಸತ್ತುಹೋಗುತ್ತಿತ್ತು.

ಆದರೆ ವಿರುದ್ಧ ಮತ ಹಾಕಿದ ಕೆಲವೇ ರಿಪಬ್ಲಿಕನ್ ಸೆನೆಟರುಗಳಲ್ಲಿ ಬ್ಯಾರಿ ಗೋಲ್ಡ್‌ವಾಟರ್ ಒಬ್ಬರು. ಅದೇ ವರ್ಷ ಪಕ್ಷ ಅಧ್ಯಕ್ಷ ಸ್ಥಾನಕ್ಕೆ ನಿಲ್ಲಿಸಿದ್ದು ಅವರನ್ನೇ. ದೇಶದಲ್ಲೆಲ್ಲ ನೆಲಕಚ್ಚಿದ ಅವರು ಗೆದ್ದದ್ದು ತಮ್ಮ ಅರಿಜೋನಾ ಬಿಟ್ಟರೆ ದಕ್ಷಿಣದ 5 ರಾಜ್ಯ ಮಾತ್ರ. ಥರ್ಮಂಡ್ ಆ ಸೆಪ್ಟೆಂಬರಿನಲ್ಲೇ ರಿಪಬ್ಲಿಕನ್ ಆದರು. ದಕ್ಷಿಣದ ಬಿಳಿಯರ ಓಟಿನ ದಾರಿ ಯಾವ ಕಡೆ ಎಂದು ಪಕ್ಷಕ್ಕೆ ಗೊತ್ತಾಯಿತು. 2005ರಲ್ಲಿ ರಿಪಬ್ಲಿಕನ್ ರಾಷ್ಟ್ರೀಯ ಸಮಿತಿಯ ಅಧ್ಯಕ್ಷ ಕೆನ್ ಮೆಲ್ಮನ್ ಕಪ್ಪು ಜನರ ಹಕ್ಕಿನ ಹಳೆಯ ಸಂಸ್ಥೆಯ ಸಮಾವೇಶಕ್ಕೇ ಹೋಗಿ, ಜನಾಂಗದ ಬಿರುಕಿನಿಂದ ನಮ್ಮಲ್ಲಿ ಕೆಲವರು ಲಾಭ ಮಾಡಿಕೊಳ್ಳಲು ನೋಡಿದರು, ಅದು ತಪ್ಪು ಎಂದು ಒಪ್ಪಿಕೊಂಡರು.

ಅಂದಮಾತ್ರಕ್ಕೆ "ಪಕ್ಷಗಳು ಅದಲುಬದಲಾದವು" ಎಂಬ ಡೆಮಾಕ್ರಟರ ಮಾತನ್ನು ಇಡಿಯಾಗಿ ನುಂಗಬೇಕಿಲ್ಲ. ಅದನ್ನು ಕೇಳಿದರೆ ಒಂದು ರಾತ್ರಿಯಲ್ಲಿ ಎಲ್ಲರೂ ಮನೆ ಬದಲಿಸಿದರು ಎನ್ನಿಸುತ್ತದೆ. 1964ರಲ್ಲಿ ವಿರುದ್ಧ ಮತ ಹಾಕಿದ 21 ಡೆಮಾಕ್ರಟ್ ಸೆನೆಟರುಗಳಲ್ಲಿ ಆಮೇಲೆ ರಿಪಬ್ಲಿಕನ್ ಆದವರು ಥರ್ಮಂಡ್ ಒಬ್ಬರೇ. ಯೌವನದಲ್ಲಿ ಕು ಕ್ಲಕ್ಸ್ ಕ್ಲಾನ್ ಸದಸ್ಯರಾಗಿದ್ದ, ಆ ಕಾಯ್ದೆ ತಡೆಯಲು 14 ಗಂಟೆ ಮಾತಾಡಿದ ರಾಬರ್ಟ್ ಬರ್ಡ್ ಆಮೇಲೆ ತಮ್ಮ ತಪ್ಪು ಒಪ್ಪಿಕೊಂಡರು. 2010ರಲ್ಲಿ ಸಾಯುವವರೆಗೂ ಅವರು ಡೆಮಾಕ್ರಟ್. 1976ರಲ್ಲಿ ಜಿಮ್ಮಿ ಕಾರ್ಟರ್ ಆ 11 ರಾಜ್ಯಗಳಲ್ಲಿ 10 ಗೆದ್ದರು. ದಕ್ಷಿಣದ ಪ್ರತಿನಿಧಿ ಸ್ಥಾನಗಳಲ್ಲಿ ಹೆಚ್ಚಿನವು ರಿಪಬ್ಲಿಕನ್ನರ ಕೈಗೆ ಬಂದದ್ದು 1994ರಲ್ಲಿ. ಮೂವತ್ತು ವರ್ಷ ಹಿಡಿಯಿತು. ಹಳಬರು ಸತ್ತರು, ಮಕ್ಕಳು ಬೇರೆ ಕಡೆ ಓಟು ಹಾಕಿದರು, ತೆರಿಗೆ, ಚರ್ಚು, ಗರ್ಭಪಾತ ಹೀಗೆ ಬೇರೆ ವಿಷಯಗಳೂ ಸೇರಿಕೊಂಡವು.

ಈ ಗೊಂದಲ ಪಕ್ಷಗಳ ಊಟದ ಪಂಕ್ತಿಯಲ್ಲೂ ಕಾಣುತ್ತದೆ. ರಿಪಬ್ಲಿಕನ್ನರು ದೇಣಿಗೆ ಸಂಗ್ರಹಕ್ಕೆ ಲಿಂಕನ್ ಹೆಸರಲ್ಲಿ ಔತಣ ಇಡುತ್ತಾರೆ. ಡೆಮಾಕ್ರಟರದು ಹಳೆಯ ಅಧ್ಯಕ್ಷರಾದ ಜೆಫರ್ಸನ್ ಮತ್ತು ಜಾಕ್ಸನ್ ಹೆಸರಿನ ಔತಣ. ಇಬ್ಬರೂ ಗುಲಾಮರನ್ನು ಇಟ್ಟುಕೊಂಡಿದ್ದವರು. 2015ರಿಂದ ಈಚೆಗೆ ಹಲವು ರಾಜ್ಯಗಳ ಡೆಮಾಕ್ರಟರು ಆ ಹೆಸರು ಕೈಬಿಟ್ಟರು. 2017ರಲ್ಲಿ ಅದೇ ಆಂಡ್ರ್ಯೂ ಜಾಕ್ಸನ್ ಚಿತ್ರವನ್ನು ಶ್ವೇತಭವನದ ತಮ್ಮ ಕೋಣೆಯಲ್ಲಿ ತೂಗುಹಾಕಿದ್ದು ರಿಪಬ್ಲಿಕನ್ ಅಧ್ಯಕ್ಷ ಟ್ರಂಪ್.

ಇತ್ತೀಚಿನ ಜಗಳ ಸೈನ್ಯದ ನೆಲೆಗಳದು. ಉತ್ತರ ಕೆರೊಲಿನಾದಲ್ಲಿ 1918ರಲ್ಲಿ ಶುರುವಾದ ದೊಡ್ಡ ನೆಲೆಗೆ ಕಾನ್ಫೆಡರೇಟ್ ಜನರಲ್ ಬ್ರ್ಯಾಕ್ಸ್‌ಟನ್ ಬ್ರ್ಯಾಗ್ ಹೆಸರಿತ್ತು. ತನ್ನದೇ ದೇಶದ ಸೈನ್ಯದ ಮೇಲೆ ಯುದ್ಧ ಮಾಡಿದವರ ಹೆಸರು ಆ ಸೈನ್ಯದ ನೆಲೆಗೆ ಬೇಡ ಎಂದು ಕಾಂಗ್ರೆಸ್ ಕಾನೂನು ಮಾಡಿತು. ಟ್ರಂಪ್ ಅದನ್ನು ತಡೆದರು. 2021ರ ಜನವರಿ 1ರಂದು ಎರಡೂ ಪಕ್ಷದವರು ಸೇರಿ ಆ ತಡೆಯನ್ನು ಮೀರಿ ಪಾಸು ಮಾಡಿದರು. 2023ರಲ್ಲಿ ಫೋರ್ಟ್ ಬ್ರ್ಯಾಗ್ ಹೋಗಿ ಫೋರ್ಟ್ ಲಿಬರ್ಟಿ ಆಯಿತು.

ಟ್ರಂಪ್ ಮತ್ತೆ ಅಧ್ಯಕ್ಷರಾದ ಮೇಲೆ, 2025ರ ಫೆಬ್ರವರಿಯಲ್ಲಿ, ಹಳೆಯ ಹೆಸರು ವಾಪಸು ಬಂತು. ಆದರೆ ಕಾನೂನು ಇನ್ನೂ ಇತ್ತು. ಹಾಗಾಗಿ ಬ್ರ್ಯಾಗ್ ಎಂಬ ಹೆಸರಿನ ಇನ್ನೊಬ್ಬ ಸೈನಿಕನನ್ನು ಹುಡುಕಿದರು. ರೋಲಂಡ್ ಬ್ರ್ಯಾಗ್, ಎರಡನೇ ಮಹಾಯುದ್ಧದಲ್ಲಿ ಹೋರಾಡಿ ಸಿಲ್ವರ್ ಸ್ಟಾರ್ ಪಡೆದ ಸಾಮಾನ್ಯ ಸಿಪಾಯಿ. ಅವರ ಊರು ಇದ್ದದ್ದು ಉತ್ತರದ ತುದಿಯ ಮೇನ್ ರಾಜ್ಯದಲ್ಲಿ. ಅಂತರ್ಯುದ್ಧದಲ್ಲಿ ಲಿಂಕನ್ ಕಡೆ ನಿಂತ ರಾಜ್ಯ ಅದು. ಈಗ ನೆಲೆಯ ಗೇಟಿನ ಮೇಲಿರುವ ಅಕ್ಷರಗಳು ಹಳೆಯವೇ.